ಐದು ಮೆಟ್ಟಿಲು, ಒಂದು ರುಜು

೧೭ ಜುಲೈ ೧೯೬೧, ಸೋಮವಾರ
ಅಳದಂಗಡಿ

ನನಗೆ ಅನ್ಯಾಯವಾಗಿದೆ. ವಾಯುದಳದ ಪೈಲಟ್ ತರಬೇತಿಗೆ ನಾನು ಹಾಕಿದ ಅರ್ಜಿಯನ್ನು ಮದ್ರಾಸಿನ ಕಚೇರಿಯವರು ವಾಪಸು ಕಳಿಸಿದ್ದಾರೆ. ಅಂಕ ಕಡಿಮೆಯೆಂದಲ್ಲ, ಎತ್ತರ ಸಾಲದೆಂದಲ್ಲ. ತಂದೆ ರುಜು ಹಾಕಬೇಕಾದ ಜಾಗದಲ್ಲಿ ಮಾವ ಹಾಕಿದ್ದಾರೆ ಎಂದು!

ನನಗೆ ಹದಿನೇಳು ವರ್ಷ. ಹದಿನೆಂಟು ತುಂಬದವನು ತಂದೆಯ ಒಪ್ಪಿಗೆ ತರಬೇಕಂತೆ. ತಂದೆ ತೀರಿಕೊಂಡಿದ್ದರೆ ಮಾತ್ರ ಪೋಷಕರ ರುಜು ನಡೆಯುತ್ತದಂತೆ. 'ತಂದೆ ಇದ್ದಾರೆಯೇ?' ಎಂಬ ಪ್ರಶ್ನೆಗೆ 'ಇದ್ದಾರೆ' ಎಂದು ಬರೆದವನು ನಾನೇ. ಸುಳ್ಳು ಬರೆಯಬಾರದೆಂದು ಬರೆದೆ. ಈ ಲೋಕದಲ್ಲಿ ಪ್ರಾಮಾಣಿಕನಿಗೆ ಸಿಗುವ ಬಹುಮಾನ ಇದು.

ನಮ್ಮದು ಅಳಿಯಸಂತಾನದ ಮನೆ. ಮಕ್ಕಳು ತಾಯಿಯ ಮನೆಗೆ ಸೇರಿದವರು, ಸಾಕಿ ಓದಿಸುವವನು ತಾಯಿಯ ಅಣ್ಣ. ಹುಟ್ಟಿದಾಗಿನಿಂದ ನನ್ನ ಎಲ್ಲ ಕಾಗದಗಳಿಗೂ ಸಂಕಪ್ಪ ಮಾವನೇ ರುಜು ಹಾಕಿದ್ದಾರೆ. ಶಾಲೆಯ ಹೆಡ್‌ಮಾಸ್ತರರಾಗಲಿ ಮಂಗಳೂರಿನ ಕಾಲೇಜಿನವರಾಗಲಿ ಕೇಳಲಿಲ್ಲ. ಕೇಳುವುದೇನಿದೆ? ತಂದೆ ಎನ್ನುವ ಆ ಮನುಷ್ಯ ಬಂಟ್ವಾಳದಲ್ಲಿ ಎಲ್ಲೋ ಬದುಕಿದ್ದಾನೆ ಎಂಬುದಷ್ಟೇ ನನಗೆ ಗೊತ್ತು. ಹದಿಮೂರು ವರ್ಷಗಳಿಂದ ಈ ಮನೆಯ ಮೆಟ್ಟಿಲು ಹತ್ತಿಲ್ಲ. ಅಮ್ಮ ಸತ್ತ ದಿನವೂ ಬರಲಿಲ್ಲ. ಅಂಥವನ ರುಜು ಬೇಕಂತೆ, ನಾನು ಆಕಾಶಕ್ಕೆ ಹೋಗಲು.

೧೮ ಜುಲೈ, ಮಂಗಳವಾರ

ಮಾವ ಸಿಟ್ಟಾಗಲಿಲ್ಲ. ಜಗಲಿಯಲ್ಲಿ ಎಲೆ ಅಡಿಕೆಯ ತಟ್ಟೆ ಎಳೆದುಕೊಂಡು, "ಮದ್ರಾಸಿನವರಿಗೆ ನಮ್ಮ ಕ್ರಮ ಗೊತ್ತಿಲ್ಲ. ತಿಳಿಸಿ ಹೇಳಿದರೆ ಆಯಿತು. ಬರಿ" ಎಂದರು. ಅವರು ಹೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಬರೆದೆ.

"ಮಾನ್ಯರೇ, ನಮ್ಮ ಜಿಲ್ಲೆಯಲ್ಲಿ ತಂದೆ ಎಂಬವನು ನೆಂಟ. ಗೌರವದ ನೆಂಟ, ಆದರೂ ನೆಂಟ. ಹುಡುಗ ನಮ್ಮ ಮನೆಯವನು, ನಮ್ಮ ಬಳಿಯವನು, ಎಂದರೆ ನಮ್ಮ ಕುಲದವನು. ಅವನನ್ನು ಕಳಿಸುವ ಅಧಿಕಾರ ನನ್ನದು, ನಾನು ಸಂತೋಷದಿಂದ ಕಳಿಸುತ್ತಿದ್ದೇನೆ."

ಅಜ್ಜಿ ಸೇಸಮ್ಮ ಒಳಗಿನಿಂದ ಕೇಳಿಸಿಕೊಂಡು, "ಆ ಕಚೇರಿಯವನಿಗೆ ಒಬ್ಬ ಅಪ್ಪ ಇದ್ದಾನು ಸಂಕಪ್ಪ. ಅವನಿಗೆ ಇದೆಲ್ಲ ಹೇಗೆ ಅರ್ಥ ಆಗ್ತದೆ?" ಎಂದರು.

"ನೀವು ಸುಮ್ಮನಿರಿ ಅಮ್ಮ. ಕಂಬಳದ ಗದ್ದೆಗೆ ಇಳಿದವರು ನಮ್ಮ ಮನೆಯಲ್ಲಿ ಉಂಟು, ಕೋರ್ಟು ಹತ್ತಿದವರೂ ಉಂಟು. ಆಕಾಶ ಹತ್ತಿದವರು ಇಲ್ಲ. ಇವನು ಹತ್ತಲಿ."

ಮಾವ ಭೂಮಾಲೀಕ. ನಾನು ನಂಬಿದ ಕಮ್ಯುನಿಸ್ಟ್ ತತ್ವದ ಪ್ರಕಾರ ನಾನು ಅವರ ವಿರೋಧಿ. ಆದರೆ ಈ ಪತ್ರದ ಪ್ರತಿ ಮಾತಿಗೂ ನನ್ನ ಒಪ್ಪಿಗೆ ಇತ್ತು. ನಾನೇ ಕೆಲವು ಕಡೆ ಇನ್ನಷ್ಟು ಖಾರ ಸೇರಿಸಿದೆ.

೨೨ ಜುಲೈ, ಶನಿವಾರ

ಮಂಗಳೂರಿನಿಂದ ತಂದ, ಏಪ್ರಿಲಿನಲ್ಲಿ ಮೊದಲಿಗನಾಗಿ ಆಕಾಶಕ್ಕೆ ಹೋಗಿ ಬಂದ ರಷ್ಯದ ಗಗಾರಿನ್ನನ ಕಿರುಹೊತ್ತಿಗೆಯನ್ನು ಏಳನೆಯ ಸಲ ಓದಿದೆ. ಅವನ ದಾರಿಯನ್ನು ಗೋಡೆಯ ಮೇಲೆ ಇದ್ದಿಲಿನಿಂದ ಬರೆದಿದ್ದೇನೆ. ಒಂದು, ಹಳ್ಳಿ. ಎರಡು, ಎರಕದ ಕಾರ್ಖಾನೆ. ಮೂರು, ಹಾರಾಟದ ಕ್ಲಬ್. ನಾಲ್ಕು, ಯುದ್ಧವಿಮಾನ. ಐದು, ಆಕಾಶನೌಕೆ. ಐದೇ ಮೆಟ್ಟಿಲು. ಒಂದರ ಮೇಲೂ ಜಾತಿಯ ಹೆಸರಿಲ್ಲ, ಮನೆತನದ ಹೆಸರಿಲ್ಲ. ದುಡಿದ ಕೈಗೆ ಆಕಾಶವೂ ಒಲಿಯುತ್ತದೆ.

ನಮ್ಮ ದೇಶದಲ್ಲಿ ಆಕಾಶನೌಕೆ ಎಲ್ಲಿದೆ ಎಂದು ಪೇಟೆಯ ಹೋಟೆಲಿನಲ್ಲಿ ನಗುತ್ತಾರೆ. ಇಂದು ಇಲ್ಲ. ಆದರೆ ಒಂದು ದಿನ ನಮ್ಮವರೂ ಕಟ್ಟುತ್ತಾರೆ, ಅಥವಾ ರಷ್ಯದವರೇ ಗೆಳೆಯರನ್ನು ಕರೆಯುತ್ತಾರೆ. ಆಗ ಯಾರನ್ನು ಕರೆಯುತ್ತಾರೆ? ಕವಿಗಳನ್ನಲ್ಲ, ವಕೀಲರನ್ನಲ್ಲ. ಯುದ್ಧವಿಮಾನ ಓಡಿಸಿ ಗೊತ್ತಿದ್ದವರನ್ನು. ತಲೆಕೆಳಗಾದಾಗಲೂ ಗಡಿಯಾರದ ಮುಳ್ಳು ಓದಬಲ್ಲವರನ್ನು. ಆದ್ದರಿಂದ ಮೊದಲು ನಾಲ್ಕನೆಯ ಮೆಟ್ಟಿಲು. ನನ್ನ ಲೆಕ್ಕದಲ್ಲಿ ತಪ್ಪಿಲ್ಲ.

ಯಂತ್ರಗಳ ಮೇಲಿನ ಈ ಪ್ರೀತಿ ಎಲ್ಲಿಂದ ಬಂತೆಂದು ಇವತ್ತು ಯೋಚಿಸಿದೆ. ನನ್ನ ಮೊದಲ ನೆನಪೇ ಒಂದು ಬಸ್ಸು. ನನಗೆ ನಾಲ್ಕು ವರ್ಷ ಇರಬಹುದು. ನಮ್ಮ ಗದ್ದೆಯ ಬದಿಗೆ, ಎತ್ತಿನ ಗಾಡಿ ಬರುವ ದಾರಿಯಲ್ಲಿ, ಒಂದು ದೊಡ್ಡ ಬಸ್ಸು ಬಂದು ನಿಂತಿತ್ತು. ಒಳಗೆ ತುಂಬ ಜನ, ಒಬ್ಬರೂ ಮಾತಾಡುತ್ತಿರಲಿಲ್ಲ. ಡ್ರೈವರ್ ನನ್ನನ್ನು ಎತ್ತಿ ತನ್ನ ಸೀಟಿನ ಮೇಲೆ ಕೂರಿಸಿದ. ನಾನು ರಬ್ಬರಿನ ಹಾರ್ನ್ ಒತ್ತಿದೆ. ಎರಡು ಸಲ. ಡ್ರೈವರನ ಮುಖ ನೆನಪಿಲ್ಲ. ಆಮೇಲೆ ಆ ದಾರಿಗೆ ಬಸ್ಸು ಬಂದದ್ದೇ ಇಲ್ಲ.

೩೧ ಜುಲೈ, ಸೋಮವಾರ

ಮದ್ರಾಸಿನಿಂದ ಉತ್ತರ ಬಂತು. ಮಾವ ಎರಡು ಪುಟ ಬರೆಸಿದ್ದರು, ಅವರು ಒಂದು ಕಾರ್ಡಿನಲ್ಲಿ ಮುಗಿಸಿದ್ದಾರೆ. ತಂದೆ ತಹಶೀಲ್ದಾರರ ಎದುರು ರುಜು ಹಾಕಿದ ಒಪ್ಪಿಗೆ ಪತ್ರ ಆಗಸ್ಟ್ ಇಪ್ಪತ್ತೈದರೊಳಗೆ ಕಚೇರಿ ತಲುಪಬೇಕು. ತಲುಪದಿದ್ದರೆ ಅರ್ಜಿ ರದ್ದು.

ಮಾವ ಕಾರ್ಡನ್ನು ತಿರುಗಿಸಿ ಹಿಂದೆ ಏನಾದರೂ ಇದೆಯೇ ಎಂದು ನೋಡಿದರು.

"ನಾನು ಅವನ ಬಾಗಿಲಿಗೆ ಹೋಗುವುದಿಲ್ಲ" ಎಂದರು.

"ನೀವು ಬೇಡ ಮಾವ. ನಾನೇ ಹೋಗ್ತೇನೆ."

"ಈಗ ಆಟಿ. ಆಟಿ ತಿಂಗಳಲ್ಲಿ ಯಾವ ಒಳ್ಳೆಯ ಕೆಲಸಕ್ಕೂ ಹೊರಡುವುದು ಬೇಡ."

ರಷ್ಯದವನು ಭೂಮಿಯನ್ನು ಸುತ್ತಿ ಇಳಿಯಲು ನೂರೆಂಟು ನಿಮಿಷ ಸಾಕಾಯಿತು. ನಾವು ಆಟಿ ಮುಗಿಯಲೆಂದು ಇನ್ನೂ ಹದಿನಾರು ದಿನ ಕಾಯಬೇಕು! ನಾಡಿದ್ದೇ ಹೋಗುತ್ತೇನೆ. ಬೇಡುವುದಿಲ್ಲ. ಫಾರಂ ಮುಂದಿಟ್ಟು, ಇಲ್ಲಿ ರುಜು ಹಾಕು ಎನ್ನುತ್ತೇನೆ, ಅಷ್ಟೇ.

೨ ಆಗಸ್ಟ್, ಬುಧವಾರ

ಬಂಟ್ವಾಳಕ್ಕೆ ಹೋಗಿ ಬಂದೆ.

ಆ ಮನುಷ್ಯ, ಅಣ್ಣು ಶೆಟ್ಟಿ, ಬಸ್ ಡ್ರೈವರ್. ಇದು ನನಗೆ ಮೊದಲೂ ಗೊತ್ತಿತ್ತು, ಇಲ್ಲಿ ಬರೆದಿರಲಿಲ್ಲ. ಬಂಟ್ವಾಳದಿಂದ ಸಿದ್ದಕಟ್ಟೆ, ಮೂಡಬಿದಿರೆ, ವೇಣೂರು, ಮತ್ತೆ ಹಿಂದಕ್ಕೆ. ನಾನು ಮೂಡಬಿದಿರೆಯಲ್ಲಿ ಓದುವಾಗ ಶನಿವಾರ ಊರಿಗೆ ಬರಲು ಅದೇ ಬಸ್ಸು ಸರಿಯಾದದ್ದು. ಮೂರು ವರ್ಷದಲ್ಲಿ ಒಂದು ದಿನವೂ ಹತ್ತಲಿಲ್ಲ. ಒಂದೂವರೆ ಗಂಟೆ ನಿಂತು ಮುಂದಿನ ಬಸ್ಸಿಗೆ ಬರುತ್ತಿದ್ದೆ. ಅದು ತತ್ವದ ಪ್ರಶ್ನೆಯಾಗಿತ್ತು.

ಶೆಡ್ಡಿನ ಎದುರು ಬಸ್ಸು ನಿಂತಿತ್ತು. ಕಂಡಕ್ಟರ್ ಅಬೂಬಕ್ಕರ್ ಮೆಟ್ಟಿಲಲ್ಲಿ ಕೂತು ಚಹಾ ಕುಡಿಯುತ್ತಿದ್ದ. ನನ್ನನ್ನು ನೋಡಿ ಗ್ಲಾಸು ಕೆಳಗಿಟ್ಟ.

"ಶೆಟ್ರೆ, ಹೊರಗೆ ಬನ್ನಿ. ಕಾರ್ಮಿಕರ ಪುಸ್ತಕ ಓದುವ ಧಣಿ ಬಂದಿದ್ದಾರೆ. ಕಾರ್ಮಿಕನನ್ನು ನೋಡ್ಲಿಕ್ಕೆ."

ಇವನಿಗೆ ನಾನು ಯಾರೆಂದು ಹೇಗೆ ಗೊತ್ತು? ಅಣ್ಣು ಶೆಟ್ಟಿ ಬಸ್ಸಿನ ಅಡಿಯಿಂದ ಎದ್ದು ಬಂದ. ತಲೆಯ ಕೂದಲು ಅರ್ಧ ಬಿಳಿ. ಕೈತುಂಬ ಗ್ರೀಸು. ನನ್ನ ಕೈಯಲ್ಲಿ ಫಾರಂ ಇತ್ತು, ಮುಟ್ಟಲಿಲ್ಲ. "ಕುಳಿತುಕೊಳ್ಳಿ" ಎಂದು ಬೆಂಚು ಒರೆಸಿದ.

ತಂದೆ ಮಗನಿಗೆ ಬಹುವಚನ! ಹಳೆಯ ವ್ಯವಸ್ಥೆ ಮನುಷ್ಯರನ್ನು ಎಷ್ಟು ಕೆಳಕ್ಕೆ ಇಳಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ನಾನು ನಿಂತೇ ಹೇಳಿದೆ. ಪೈಲಟ್ ತರಬೇತಿ, ಮದ್ರಾಸಿನ ಕಾರ್ಡು, ಇಪ್ಪತ್ತೈದನೆಯ ತಾರೀಕು. ಅಣ್ಣು ಶೆಟ್ಟರು ಕೊನೆಯ ತನಕ ಕೇಳಿದರು.

"ನಾನು ಹೇಗೆ ರುಜು ಹಾಕುವುದು? ನೀವು ಆ ಮನೆಯ ಮಗು."

"ಕಾನೂನಿನ ಪ್ರಕಾರ ನೀವೇ ಹಾಕಬೇಕು."

"ಕಾನೂನು ಮದ್ರಾಸಿನಲ್ಲಿ ಇರಬಹುದು. ನಿಮ್ಮ ಮಾವ ಸಾಕಿದ್ದಾರೆ, ಓದಿಸಿದ್ದಾರೆ. ಅವರನ್ನು ದಾಟಿ ನಾನು ಒಂದು ಗೀಟು ಎಳೆದರೆ ಅದು ಕಳ್ಳತನ."

"ಮಾವ ಒಪ್ಪಿದ್ದಾರೆ."

"ಹಾಗಾದರೆ ಅವರು ಹೇಳಿ ಕಳಿಸಲಿ. ಒಂದು ವೀಳ್ಯ ಕಳಿಸಲಿ. ನಾನು ಬರ್ತೇನೆ." ಆಮೇಲೆ ಅಬೂಬಕ್ಕರನ ಕಡೆ ನೋಡಿ, "ಕರೆಯದೆ ಒಂದು ಸಲ ಹೋಗಿ ಆಗಿದೆ" ಎಂದರು.

ಏನು ಹೇಳಿದರೆಂದು ನನಗೆ ತಿಳಿಯಲಿಲ್ಲ. ಕೇಳಲೂ ಇಲ್ಲ.

೩ ಆಗಸ್ಟ್, ಗುರುವಾರ

ಮಾವ: "ವೀಳ್ಯವಾ? ಆಟಿಯಲ್ಲಿಯಾ?"

ಒಬ್ಬರು ಬಾಗಿಲಿಗೆ ಹೋಗುವುದಿಲ್ಲ, ಇನ್ನೊಬ್ಬರು ಕರೆಯದೆ ಬರುವುದಿಲ್ಲ. ಐದು ವೀಳ್ಯದೆಲೆಯಲ್ಲಿ ನನ್ನ ಬದುಕು ಸಿಕ್ಕಿಕೊಂಡಿದೆ. ಇಬ್ಬರೂ ಒಂದೇ. ಒಬ್ಬನಿಗೆ ಭೂಮಿ ಇದೆ, ಒಬ್ಬನಿಗೆ ಸ್ಟಿಯರಿಂಗ್ ಇದೆ, ಅಷ್ಟೇ ವ್ಯತ್ಯಾಸ.

೮ ಆಗಸ್ಟ್, ಮಂಗಳವಾರ

ಬೆಳಿಗ್ಗೆಯೇ ಮೂಡಬಿದಿರೆಯ ವಾಚನಾಲಯಕ್ಕೆ ಓಡಿದೆ. ಎರಡನೆಯವನು ಹೋಗಿ ಬಂದಿದ್ದಾನೆ! ತಿತೋವ್. ಭಾನುವಾರ ಹೋದವನು ನಿನ್ನೆ ಇಳಿದ. ಹದಿನೇಳು ಸುತ್ತು, ಇಪ್ಪತ್ತೈದು ಗಂಟೆ. ಮೇಲೆಯೇ ಊಟ ಮಾಡಿದ, ಮೇಲೆಯೇ ನಿದ್ದೆ ಮಾಡಿದ. ಇವನೂ ಯುದ್ಧವಿಮಾನದ ಪೈಲಟ್. ವಯಸ್ಸು ಇಪ್ಪತ್ತೈದು. ತಂದೆ ಶಾಲಾ ಮಾಸ್ತರ.

ಹಿಂದಿರುಗುವಾಗ ನನ್ನ ಎಂದಿನ ಬಸ್ಸು ತೋಡಾರಿನಲ್ಲಿ ಆಕ್ಸಲ್ ಮುರಿದು ನಿಂತಿದೆ ಎಂದರು. ಇದ್ದದ್ದು ಒಂದೇ ಬಸ್ಸು. ಹತ್ತಿದೆ.

"ಹಿಂದೆ ಜಾಗ ಇಲ್ಲ, ಮುಂದೆ ಕೂತುಕೊಳ್ಳಿ ಧಣಿ" ಎಂದು ಅಬೂಬಕ್ಕರ್ ನನ್ನನ್ನು ಡ್ರೈವರನ ಪಕ್ಕದ ಹಲಗೆಗೆ ನೂಕಿದ. ಹಿಂದೆ ಜಾಗ ಇತ್ತು, ನಾನು ನೋಡಿದ್ದೇನೆ.

ಅಣ್ಣು ಶೆಟ್ಟರು ತಿರುಗಿ ನೋಡಲಿಲ್ಲ. ಪೇಟೆ ದಾಟಿತು. ವೇಣೂರಿನ ತಿರುವುಗಳು ಶುರುವಾದವು. ಇದನ್ನು ಯಾರಿಗೂ ಹೇಳಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. ಬಸ್ಸಿನಲ್ಲಿ ನನಗೆ ವಾಂತಿ ಬರುತ್ತದೆ. ಹದಿನೇಳು ಸುತ್ತು ಸುತ್ತಬೇಕೆನ್ನುವವನಿಗೆ ವೇಣೂರಿನ ಹದಿನೇಳು ತಿರುವು ತಡೆದುಕೊಳ್ಳಲಾಗುವುದಿಲ್ಲ. ಕಣ್ಣು ಮುಚ್ಚಿ ಕಂಬಿ ಹಿಡಿದುಕೊಂಡಿದ್ದೆ.

"ಕಣ್ಣು ಮುಚ್ಚಬೇಡ" ಎಂದು ಅಣ್ಣು ಶೆಟ್ಟರ ಮಾತು ಕೇಳಿಸಿತು. "ಹತ್ತಿರದ್ದು ನೋಡಬೇಡ, ಗಾಜನ್ನೂ ನೋಡಬೇಡ. ಅಗೋ, ಆ ದೂರದ ತಿರುವು. ಅದು ಹತ್ತಿರ ಬರುವ ಮೊದಲು ಅದರಾಚೆಯದ್ದು ಹುಡುಕು. ಡ್ರೈವರನಿಗೆ ವಾಂತಿ ಬರುವುದುಂಟಾ? ಯಾಕೆ ಬರುವುದಿಲ್ಲ ಹೇಳು. ಅವನಿಗೆ ಮುಂದೆ ಏನು ಬರ್ತದೆ ಅಂತ ಗೊತ್ತಿರ್ತದೆ."

ಹಾಗೆಯೇ ಮಾಡಿದೆ. ಎಡಕ್ಕೆ ತಿರುಗುವ ಮೊದಲೇ ನನ್ನ ಮೈ ಎಡಕ್ಕೆ ಸಿದ್ಧವಾಗುತ್ತಿತ್ತು. ಅವರ ಬಲಗೈ ಸ್ಟಿಯರಿಂಗಿನ ಮೇಲೆ ಹಗುರವಾಗಿತ್ತು, ಕಾಲು ಮಾತ್ರ ಯಾವಾಗಲೂ ಏನನ್ನೋ ಆಲಿಸುವಂತಿತ್ತು. ವೇಣೂರು ಬಂದದ್ದು ಗೊತ್ತಾಗಲಿಲ್ಲ. ಪೈಲಟನಿಗೂ ಇದೇ ಸೂತ್ರ ಇರಬೇಕು. ಬರೆದಿಟ್ಟುಕೊಂಡೆ.

ಇಳಿಯುವಾಗ ಅಬೂಬಕ್ಕರ್ ಕಿವಿಯ ಹತ್ತಿರ ಬಂದ. "ಮೂರು ವರ್ಷ ನಿನ್ನಿಂದಾಗಿ ನಮ್ಮ ಬಸ್ಸು ಪ್ರತಿದಿನ ಎರಡು ನಿಮಿಷ ತಡ ಮಾರಾಯ. ನಿನ್ನ ಶಾಲೆಯ ಮೂಲೆಯಲ್ಲಿ ಸ್ಟಾಪೇ ಇಲ್ಲ. ಆದರೂ ಇವರು ಅಲ್ಲಿ ಬ್ರೇಕ್ ಹಾಕುವುದು. ಕೇಳಿದರೆ ಇಂಜಿನ್ ಬಿಸಿ ಅಂತೆ. ದಿನಾ ಅಲ್ಲಿಯೇ ಬಿಸಿ!"

ಅಳದಂಗಡಿಯ ತನಕ ನಡೆದೇ ಬಂದೆ.

೧೦ ಆಗಸ್ಟ್, ಗುರುವಾರ

ಅಜ್ಜಿ ಪತ್ರೊಡೆಗೆ ಕೆಸುವಿನ ಎಲೆಯ ಮೇಲೆ ಹಿಟ್ಟು ಸವರುತ್ತಿದ್ದರು. ಕೇಳಿದೆ.

"ಅಜ್ಜಿ, ಅಮ್ಮ ಸತ್ತ ದಿನ ಅವರು ಯಾಕೆ ಬರಲಿಲ್ಲ?"

"ಬರಲಿಲ್ಲ ಅಂತ ಯಾರು ಹೇಳಿದ್ದು?"

ಯಾರು ಹೇಳಿದ್ದು? ಯಾರೂ ಹೇಳಿರಲಿಲ್ಲ. ನಾನೇ ಹಾಗೆಂದುಕೊಂಡಿದ್ದೆ.

ಅಜ್ಜಿ ಎಲೆಯ ಮೇಲೆ ಎಲೆ ಇಡುತ್ತಾ ಹೇಳಿದರು. ಕಾಂತಿ, ಎಂದರೆ ನನ್ನ ಅಮ್ಮ, ಬೆಳಿಗ್ಗೆ ತೀರಿಕೊಂಡಳು. ಮೂಡಬಿದಿರೆಯಲ್ಲಿ ಬಸ್ಸಿಗೆ ಸುದ್ದಿ ಮುಟ್ಟಿಸಲು ಆಳು ಓಡಿದ. ಮಧ್ಯಾಹ್ನ ಹನ್ನೆರಡಕ್ಕೆ ಚಿತೆಗೆ ಬೆಂಕಿ ಕೊಟ್ಟಾಯಿತು. ಗಂಡ ಬರಲಿ, ಸ್ವಲ್ಪ ಕಾಯುವ ಎಂದು ಅಜ್ಜಿ ಹೇಳಿದರಂತೆ. ಗಂಡನಿಗೆ ಕಾಯುವ ಕ್ರಮ ನಮ್ಮಲ್ಲಿ ಇಲ್ಲ ಎಂದು ಮಾವ ಹೇಳಿದರಂತೆ. ಎರಡು ಗಂಟೆಗೆ ಅವರು ಬಂದರು.

"ಬಸ್ಸಿನಲ್ಲೇ ಬಂದ ಮಗಾ. ಜನರನ್ನು ಎಲ್ಲಿ ಇಳಿಸುವುದು? ಅವರನ್ನೂ ಕಟ್ಟಿಕೊಂಡೇ ಬಂದ. ಗದ್ದೆಯ ಬದಿಯಲ್ಲಿ ನಿಂತು ಹೊಗೆ ನೋಡಿದ. 'ಸ್ವಲ್ಪ ಕಾಯಬಹುದಿತ್ತು' ಅಂದ. ಬೇರೆ ಒಂದು ಮಾತಿಲ್ಲ. ನೀನು ಬಸ್ಸು ನೋಡಿ ಕುಣಿದುಕೊಂಡು ಓಡಿದೆ. ನಿನ್ನನ್ನು ಎತ್ತಿ ಸೀಟಿನಲ್ಲಿ ಕೂರಿಸಿದ. ನೀನು ಹಾರ್ನ್ ಒತ್ತಿದೆ. ಆಮೇಲೆ ನಿನ್ನನ್ನು ಕೆಳಗಿಳಿಸಿ ಹೋದ. ಜನ ಕೂತಿದ್ದರಲ್ಲ, ಹೋಗದೆ ಏನು ಮಾಡುವುದು?"

ಎರಡು ಸಲ ಒತ್ತಿದ್ದೆ.

೧೨ ಆಗಸ್ಟ್, ಶನಿವಾರ

ಓದಲಿಲ್ಲ. ಗೋಡೆಯ ಮೇಲಿನ ಐದು ಮೆಟ್ಟಿಲುಗಳನ್ನು ನೋಡಿದೆ. ಒಂದನೆಯದರ ಕೆಳಗೆ ಸ್ವಲ್ಪ ಜಾಗ ಇದೆ.

೧೩ ಆಗಸ್ಟ್, ಭಾನುವಾರ

ಮಾವನಿಗೆ ಹೇಳಲು ಒಂದು ಭಾಷಣ ಸಿದ್ಧ ಮಾಡಿಕೊಂಡಿದ್ದೆ. ಸತ್ತ ಕ್ರಮಗಳು ಬದುಕಿದವರನ್ನು ಹೇಗೆ ಹಿಂಡುತ್ತವೆ ಎಂಬುದರಿಂದ ಶುರುವಾಗಿ, ಹೊಸ ಮನುಷ್ಯನ ತನಕ. ಮಾವ ಜಗಲಿಯಲ್ಲಿ ಒಬ್ಬರೇ ಇದ್ದರು. ಎದುರು ಹೋಗಿ ನಿಂತಾಗ ಭಾಷಣ ಬಾಯಿಗೆ ಬರಲಿಲ್ಲ. ಒಂದೇ ಪ್ರಶ್ನೆ ಬಂತು.

"ಮಾವ, ಆ ದಿನ ಎಷ್ಟು ಹೊತ್ತು ಕಾಯಬೇಕಿತ್ತು?"

ಯಾವ ದಿನ ಎಂದು ಅವರು ಕೇಳಲಿಲ್ಲ.

"ಎರಡು ಗಂಟೆ."

ಎಲೆ ಅಡಿಕೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಮೇ ತಿಂಗಳ ಕೊನೆ. ಮೋಡ ಕಟ್ಟಿತ್ತು. ಸೌದೆ ಒದ್ದೆಯಾದರೆ ಏನು ಗತಿ ಅಂತ ನನಗೆ ಹೆದರಿಕೆ. ಅವಳು ನನಗೆ ಒಬ್ಬಳೇ ತಂಗಿ. ಅವಳನ್ನು ಅರ್ಧ ಸುಟ್ಟು ಬಿಡುವುದಾ?" ಎಂದರು. ಆಮೇಲೆ, "ಆ ದಿನ ಮಳೆ ಬರಲಿಲ್ಲ" ಎಂದರು.

ನಾನು ಅವರನ್ನು ಹೀಗೆ ನೋಡಿರಲಿಲ್ಲ. ಕಿರುಹೊತ್ತಿಗೆಗಳಲ್ಲಿ ಭೂಮಾಲೀಕರಿಗೆ ತಂಗಿಯರು ಇರುವುದಿಲ್ಲ.

"ಆಟಿ ಮುಗಿಯಲಿ ದೇಜು" ಎಂದರು. "ಈ ಕೆಲಸವನ್ನು ಆಟಿಯಲ್ಲಿ ಮಾಡಿ ಮತ್ತೊಮ್ಮೆ ಕೆಡಿಸಲಿಕ್ಕೆ ನಾನಿಲ್ಲ."

ಆಟಿ ಹದಿನಾರಕ್ಕೆ ಮುಗಿಯುತ್ತದೆ. ಫಾರಂ ಇಪ್ಪತ್ತೈದಕ್ಕೆ ಮದ್ರಾಸಿನಲ್ಲಿರಬೇಕು. ಅಂಚೆಗೆ ಮೂರು ದಿನ. ವಾದ ಮಾಡಬಹುದಿತ್ತು. ಮಾಡಲಿಲ್ಲ. ಬಹುಶಃ ನಿದ್ದೆ ಸಾಲದೆ ಇರಬೇಕು.

೧೭ ಆಗಸ್ಟ್, ಗುರುವಾರ

ಇವತ್ತು ಸೋಣ ತಿಂಗಳು ಹುಟ್ಟಿತು. ಮಾವ ಬೆಳಿಗ್ಗೆಯೇ ಸ್ನಾನ ಮಾಡಿ ಐದು ಎಲೆ ಆರಿಸಿದರು. ಒಂದಕ್ಕೆ ಅಂಚಿನಲ್ಲಿ ಸಣ್ಣ ತೂತಿತ್ತು, ಅದನ್ನು ತೆಗೆದು ಬೇರೆ ಇಟ್ಟರು. ಮೇಲೊಂದು ಅಡಿಕೆ. ಬಾಳೆಲೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು.

"ಏನು ಹೇಳಬೇಕು ಮಾವ?"

"ಬೆಳ್ತಂಗಡಿಯ ತಾಲೂಕು ಕಚೇರಿ ಅವನ ಮನೆಯೂ ಅಲ್ಲ,‌ ನನ್ನ ಮನೆಯೂ ಅಲ್ಲ. ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಅಲ್ಲಿಗೆ ಬರಲಿಕ್ಕೆ ಹೇಳು. ನಾನೂ ಬರ್ತೇನೆ ಅಂತ ಹೇಳು."

"ನೀವು ಬರಬೇಕಂತ ಫಾರಮಿನಲ್ಲಿ ಇಲ್ಲ."

"ಫಾರಮಿನಲ್ಲಿ ಎಲ್ಲ ಇರುವುದಿಲ್ಲ."

೧೮ ಆಗಸ್ಟ್, ಶುಕ್ರವಾರ

ಬಂಟ್ವಾಳ. ನದಿ ತುಂಬಿ ಪೇಟೆಯ ಕೆಳಗಿನ ಬೀದಿಗೆ ನೀರು ಬಂದು ಇಳಿದಿತ್ತು. ಬಸ್ಸು ಹೊರಡಲು ಇನ್ನೂ ಮುಕ್ಕಾಲು ಗಂಟೆ ಇತ್ತು.

ತಂದೆಯವರು ಬಾಳೆಲೆಯ ಕಟ್ಟನ್ನು ನೋಡಿದರು. ಸೀಮೆಎಣ್ಣೆಯಲ್ಲಿ ಕೈ ತೊಳೆದರು, ಆಮೇಲೆ ಸಾಬೂನು ಹಾಕಿ ತೊಳೆದರು, ಹೆಗಲ ಬಟ್ಟೆಯಲ್ಲಿ ಬೆರಳುಗಳನ್ನು ಒಂದೊಂದಾಗಿ ಒರೆಸಿದರು. ಎರಡೂ ಕೈ ಚಾಚಿ ತೆಗೆದುಕೊಂಡರು. ಬಿಚ್ಚಿ ಎಲೆ ಎಣಿಸಲಿಲ್ಲ, ಬಾಯಿಗೂ ಹಾಕಲಿಲ್ಲ. ಬಸ್ಸು ಹತ್ತಿ ಮುಂದಿನ ಗಾಜಿನ ಹತ್ತಿರ ಇಟ್ಟು ಬಂದರು. ನಾನು ಮಾವ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ.

ಅಬೂಬಕ್ಕರ್ ಮೂರು ಚಹಾ ತಂದ. ಅವನಿಗೆ ಬಾಯಿ ಕಟ್ಟಿ ಗೊತ್ತಿಲ್ಲ.

"ನಿನ್ನ ಅಮ್ಮ ಹೋದ ದಿನದ ಬಸ್ಸು ಇದ್ದಿಲು ಸುಟ್ಟ ಗ್ಯಾಸಿನಲ್ಲಿ ಓಡುವುದು. ಏರು ಹತ್ತುವುದಿಲ್ಲ. ವೇಣೂರು ದಾಟಿ ಅಳದಂಗಡಿಯ ಕಡೆ ತಿರುಗಿಸಿದಾಗ ಜನ ನನ್ನನ್ನು ಕೇಳಿದರು, ಎಲ್ಲಿಗೆ ಮಾರಾಯ ಅಂತ. ಹೇಳಿದೆ. ಒಬ್ಬನೂ ಇಳಿಯುತ್ತೇನೆ ಅನ್ನಲಿಲ್ಲ. ಏರು ಬಂದಾಗ ಮಾತ್ರ ಎಲ್ಲರೂ ಇಳಿದರು. ದೂಡ್ಲಿಕ್ಕೆ. ಮದುವೆಗೆ ಹೊರಟ ಒಬ್ಬರು ಜರಿ ಶಾಲು ಸೊಂಟಕ್ಕೆ ಕಟ್ಟಿ ದೂಡಿದರು. ಎರಡು ಏರು ದೂಡಿದ್ದೇವೆ."

"ಸಾಕು ಅಬೂಬಕ್ಕರ್" ಎಂದರು ತಂದೆಯವರು.

ಆಮೇಲೆ ಅವರೇ ಕೇಳಿದರು.

"ಆ ರಷ್ಯದವನು ಶುರುವಿಗೆ ಏನು ಮಾಡ್ತಿದ್ದ?"

ಎರಕದ ಕೆಲಸ, ಹಾರಾಟದ ಕ್ಲಬ್, ಸೈನ್ಯದ ಪೈಲಟ್ ಶಾಲೆ, ಉತ್ತರದ ಹಿಮದ ನಾಡಿನಲ್ಲಿ ಯುದ್ಧವಿಮಾನ, ಆಮೇಲೆ ಆಕಾಶನೌಕೆ ಎಂದೆ. ಬೆರಳು ಮಡಚುತ್ತ ಕೇಳಿಸಿಕೊಂಡರು, ಬಸ್ಸಿನ ಸ್ಟಾಪು ಎಣಿಸುವ ಹಾಗೆ.

"ಅವನ ಅಪ್ಪ?"

"ಬಡಗಿ."

"ಅವನೂ ರುಜು ಹಾಕಬೇಕಿತ್ತಾ?"

"ಪುಸ್ತಕದಲ್ಲಿ ಇಲ್ಲ."

"ಬಿಟ್ಟಿದ್ದಾರೆ ಕಾಣ್ತದೆ" ಎಂದರು. ಚಹಾ ಮುಗಿಸಿ ಗ್ಲಾಸಿನ ತಳ ನೋಡಿದರು. "ನನಗೆ ಒಂದೇ ಚಿಂತೆ ಮಗಾ. ಬಸ್ಸು ನಿಂತರೆ ಜನ ಇಳಿದು ದೂಡ್ತಾರೆ. ಅಲ್ಲಿ ಮೇಲೆ ನಿಂತರೆ ದೂಡ್ಲಿಕ್ಕೆ ಯಾರಿದ್ದಾರೆ?"

ನನ್ನ ಹತ್ತಿರ ಉತ್ತರ ಇತ್ತು. ವಿಜ್ಞಾನ, ಸಾವಿರಾರು ಇಂಜಿನಿಯರರು, ಇಡೀ ಮನುಷ್ಯಕುಲ. ಆದರೆ ಅವರು ಕೇಳಿದ್ದು ಅದನ್ನಲ್ಲ ಎಂದೆನಿಸಿತು.

"ದೂರದ ತಿರುವು ನೋಡ್ತೇನೆ" ಎಂದೆ.

ಅವರು ನಕ್ಕರು. ಅವರಿಗೆ ಮುಂದಿನ ಒಂದು ಹಲ್ಲಿಲ್ಲ.

ಬಸ್ಸು ಹೊರಡುವ ಹೊತ್ತಿಗೆ ಸೀಟಿನಿಂದ ಬಗ್ಗಿ ಹೇಳಿದರು: "ಸೋಮವಾರ ರಜೆ ಹಾಕ್ತೇನೆ. ಗುರುವಾಯನಕೆರೆ ದಾರಿಯ ಬಸ್ಸಿಗೆ ಬರ್ತೇನೆ. ಅದು ಬೇರೆಯವರು ಓಡಿಸುವ ಬಸ್ಸು, ರಸ್ತೆಯಲ್ಲಿ ನೀರುಂಟು. ತಡವಾದರೆ ನನ್ನ ಕೈಯಲ್ಲಿಲ್ಲ. ಈ ಸಲ ಸ್ವಲ್ಪ ಕಾಯಲಿಕ್ಕೆ ಹೇಳು ನಿನ್ನ ಮಾವನಿಗೆ."

೧೯ ಆಗಸ್ಟ್, ಶನಿವಾರ

ನಿನ್ನೆ ಮಾವ ಮನೆಯಲ್ಲಿರಲಿಲ್ಲ. ಇವತ್ತು ಬೆಳಿಗ್ಗೆ ಹೇಳಿದೆ. ವೀಳ್ಯ ತೆಗೆದುಕೊಂಡರು, ಬರುತ್ತಾರೆ, ಬಸ್ಸು ತಡವಾದರೆ ಕಾಯಬೇಕಂತೆ ಎಂದೆ.

ಮಾವ ಎಲೆಗೆ ಸುಣ್ಣ ಸವರುತ್ತಿದ್ದರು. ಸವರಿ ಮುಗಿದ ಎಲೆಗೆ ಇನ್ನೊಮ್ಮೆ ಸವರಿದರು.

"ಕಚೇರಿ ಎಷ್ಟು ಗಂಟೆಗೆ ಮುಚ್ಚುವುದು?"

"ಐದಕ್ಕೆ."

"ಐದರ ತನಕ ಕಾಯುವ."

"ಐದಕ್ಕೂ ಬರದಿದ್ದರೆ?"

"ಬಸ್ ಸ್ಟ್ಯಾಂಡಿಗೆ ಹೋಗಿ ಕಾಯುವ ಮಾರಾಯ!" ಎಂದು ಗದರಿದರು. ಒಳಗೆ ಅಜ್ಜಿ ಪಾತ್ರೆ ಕೆಳಗಿಟ್ಟ ಸದ್ದಾಯಿತು.

ಹೊಸ ಫಾರಂ ತುಂಬಿದೆ. ತಂದೆಯ ಹೆಸರು, ಅಣ್ಣು ಶೆಟ್ಟಿ. ಉದ್ಯೋಗ, ಬಸ್ ಡ್ರೈವರ್. ಅಕ್ಷರ ಚೆನ್ನಾಗಿ ಬಂದಿದೆ. ರುಜುವಿನ ಸಾಲು ಖಾಲಿ ಇದೆ, ಅದು ಅಪ್ಪನದು. ಪೋಷಕರ ಸಾಲನ್ನು ಖಾಲಿ ಬಿಡಬೇಕೆಂದು ಮದ್ರಾಸಿನವರ ನಿಯಮ. ಆದರೂ ಅದರ ಪಕ್ಕದಲ್ಲಿ ಪೆನ್ಸಿಲಿನಿಂದ ಸಂಕಪ್ಪ ಶೆಟ್ಟಿ ಎಂದು ಸಣ್ಣದಾಗಿ ಬರೆದಿದ್ದೇನೆ. ಅಂಚೆಗೆ ಹಾಕುವ ಮೊದಲು ಅಳಿಸಬಹುದು.

ನಾಡಿದ್ದು ಸೋಮವಾರ, ಆಗಸ್ಟ್ ಇಪ್ಪತ್ತೊಂದು. ಬೆಳಿಗ್ಗೆ ಹತ್ತೂವರೆ. ಬೆಳ್ತಂಗಡಿ ತಾಲೂಕು ಕಚೇರಿಯ ಮೆಟ್ಟಿಲ ಹತ್ತಿರ.